ಬಲ್ಬ್ ಉರಿಯುತ್ತಿಲ್ಲವೇ? ಕಾಣೆಯಾದ ವೋಲ್ಟನ್ನು ಹುಡುಕೋಣ

"ಸಾರ್, ಬಲ್ಬ್ ಸುಟ್ಟೋಗಿದೆ, ಬೇರೆ ಕೊಡಿ."

ಹೈಸ್ಕೂಲ್ ಲ್ಯಾಬಿನಲ್ಲಿ ನಾನು ಅತಿ ಹೆಚ್ಚು ಕೇಳಿರುವ ಮಾತು ಇದು. ಬೇರೆ ಬಲ್ಬ್ ಕೊಡುತ್ತೇನೆ. ಅದೂ ಉರಿಯುವುದಿಲ್ಲ. ಆಮೇಲೆ ಸೆಲ್ ಬದಲಾಗುತ್ತದೆ, ವೈರ್ ಬದಲಾಗುತ್ತದೆ, ಪಕ್ಕದ ಬೆಂಚಿನ ಸ್ವಿಚ್ಚೂ ಇಲ್ಲಿಗೆ ಬರುತ್ತದೆ. ಅರ್ಧ ಪೀರಿಯಡ್ ಕಳೆದ ಮೇಲೆ ಬಲ್ಬ್ ಇದ್ದಕ್ಕಿದ್ದಂತೆ ಹೊತ್ತಿಕೊಳ್ಳುತ್ತದೆ. ಎಲ್ಲರಿಗೂ ಖುಷಿ. "ದೋಷ ಎಲ್ಲಿತ್ತಪ್ಪಾ?" ಅಂತ ಕೇಳಿದರೆ ಮಾತ್ರ ಯಾರಿಗೂ ಗೊತ್ತಿಲ್ಲ.

ಹೀಗೆ ಬದಲಾಯಿಸುತ್ತಾ ಹೋದರೆ ಸರ್ಕ್ಯೂಟ್ ಸರಿಹೋಗಬಹುದು, ಕಲಿಕೆ ಆಗುವುದಿಲ್ಲ. ನನ್ನದು ಒಂದೇ ಕೋರಿಕೆ: ಏನನ್ನೂ ಬಿಚ್ಚಬೇಡಿ, ಮೊದಲು ಅಳೆಯಿರಿ. ಬ್ಯಾಟರಿ ಕೊಟ್ಟ ವೋಲ್ಟ್ ಮಾಯವಾಗುವುದಿಲ್ಲ. ಬಲ್ಬಿಗೆ ಸಿಗಲಿಲ್ಲ ಅಂದರೆ ದಾರಿಯಲ್ಲಿ ಇನ್ನೆಲ್ಲೋ ಕೂತಿದೆ. ಅದು ಕೂತ ಜಾಗವೇ ದೋಷದ ಜಾಗ. ಈ ಮಾತನ್ನು ನಿಯಮವಾಗಿ ಬರೆದವರು ಗುಸ್ತಾವ್ ಕಿರ್ಚಾಫ್, 1845ರಲ್ಲಿ. ಆಗ ಅವರಿಗೆ 21 ವರ್ಷ, ಇನ್ನೂ ವಿದ್ಯಾರ್ಥಿ. ಒಂದು ಸುತ್ತು ಹಾಕಿ ಬಂದರೆ ಏರಿದ ವೋಲ್ಟೆಲ್ಲ ಇಳಿದಿರಬೇಕು, ಅಷ್ಟೇ.

ಶುರು ಮಾಡುವ ಮೊದಲು

ಇಲ್ಲಿ ಹೇಳುವುದೆಲ್ಲ ಟಾರ್ಚ್ ಸೆಲ್ಲಿನ ಸರ್ಕ್ಯೂಟಿಗೆ ಮಾತ್ರ. ಗೋಡೆಯ ಸಾಕೆಟ್ಟಿನಲ್ಲಿ ಇರುವುದು 230 ವೋಲ್ಟ್ ಎಸಿ, ಅದರ ಹತ್ತಿರ ಮೀಟರ್ ಹಿಡಿದು ಹೋಗಬೇಡಿ. ಮನೆಯ ಇನ್ವರ್ಟರ್ ಬ್ಯಾಟರಿ 12 ವೋಲ್ಟ್ ತಾನೆ ಅಂತ ಸಲೀಸಾಗಿ ತಗೊಳ್ಳಬೇಡಿ. ಅದು ಶಾರ್ಟ್ ಆದರೆ ನೂರಾರು ಆಂಪಿಯರ್ ಹರಿಯುತ್ತದೆ. ಕೈಯಲ್ಲಿರುವ ಉಂಗುರ ಅಥವಾ ಬಳೆ ತಗುಲಿದರೆ ಕ್ಷಣದಲ್ಲಿ ಕೆಂಪಗೆ ಕಾದು ಚರ್ಮ ಸುಡುತ್ತದೆ. ಮೊಬೈಲಿನ ಲಿಥಿಯಂ ಬ್ಯಾಟರಿಯೂ ಬೇಡ, ಅದಕ್ಕೆ ಬೆಂಕಿ ಹೊತ್ತಿಕೊಳ್ಳಬಹುದು.

ನಮ್ಮ ಸರ್ಕ್ಯೂಟ್ ಹೀಗಿರಲಿ. 1.5 ವೋಲ್ಟಿನ ಎರಡು ಸೆಲ್, ಒಂದು ಸ್ವಿಚ್, 2.5 ವೋಲ್ಟ್ 0.3 ಆಂಪಿಯರ್ ಎಂದು ಬರೆದ ಟಾರ್ಚ್ ಬಲ್ಬ್, ಹೋಲ್ಡರ್, ಮೂರು ವೈರ್. ಬ್ಯಾಟರಿಯ ಪ್ಲಸ್‌ನಿಂದ ಹೊರಟು ಸ್ವಿಚ್, ಅಲ್ಲಿಂದ ಬಲ್ಬ್, ಅಲ್ಲಿಂದ ವಾಪಸ್ ಮೈನಸ್‌ಗೆ. ಇದನ್ನು ಪುಸ್ತಕದಲ್ಲಿ ಒಮ್ಮೆ ಗೆರೆ ಎಳೆದು ಬರೆದುಕೊಳ್ಳಿ. ಮೇಜಿನ ಮೇಲಿನ ವೈರುಗಳ ಗೋಜಲನ್ನು ನೋಡಿ ದೋಷ ಹುಡುಕುವುದು ಕಷ್ಟ, ಚಿತ್ರ ನೋಡಿ ಹುಡುಕುವುದು ಸುಲಭ.

ವೋಲ್ಟ್, ಕರೆಂಟ್, ರೋಧ ಮೂರನ್ನೂ ಅಳೆಯುವ ಮಲ್ಟಿಮೀಟರನ್ನು ಡಿಸಿ ವೋಲ್ಟಿನ 20ಕ್ಕೆ ತಿರುಗಿಸಿ. ಕಪ್ಪು ಕಡ್ಡಿ 'ಕಾಮನ್' ತೂತಿನಲ್ಲಿ, ಕೆಂಪು ಕಡ್ಡಿ ವೋಲ್ಟ್ ತೂತಿನಲ್ಲಿ. ಮೊದಲು ಹೊಸ ಸೆಲ್ ಒಂದನ್ನು ಅಳೆಯಿರಿ. 1.5ರಿಂದ 1.6 ತೋರಿಸಿದರೆ ಮೀಟರನ್ನು ನಂಬಬಹುದು. ಈ ಹೆಜ್ಜೆಯನ್ನು ಬಿಟ್ಟು, ಕಡ್ಡಿಯ ವೈರೇ ಒಳಗೆ ತುಂಡಾದ ಮೀಟರಿನಲ್ಲಿ ಒಂದು ಗಂಟೆ ಹುಡುಕಿದವರನ್ನು ನಾನು ನೋಡಿದ್ದೇನೆ.

ಬಲ್ಬ್ ಒಂಚೂರೂ ಉರಿಯುತ್ತಿಲ್ಲ

ಸ್ವಿಚ್ ಹಾಕಿಯೇ ಇರಲಿ. ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ ಒತ್ತಿ ಹಿಡಿದು ಅಲ್ಲೇ ಬಿಡಿ. ಇನ್ನು ನಡೆಯುವುದು ಕೆಂಪು ಕಡ್ಡಿ ಮಾತ್ರ.

ಮೊದಲ ನಿಲ್ದಾಣ ಬ್ಯಾಟರಿಯ ಪ್ಲಸ್. ಇಲ್ಲಿ 3.1 ಬಂದರೆ ಮುಂದೆ ಹೋಗಿ. ಸೊನ್ನೆ ಬಂದರೆ ಬಹುತೇಕ ಒಂದು ಸೆಲ್ ತಿರುಗಮುರುಗ ಕೂತಿದೆ. 1.5ರ ಒಂದು ಸೆಲ್ ಈ ಕಡೆ ತಳ್ಳುತ್ತದೆ, ಇನ್ನೊಂದು ಆ ಕಡೆ ತಳ್ಳುತ್ತದೆ, ಉಳಿಯುವುದು ಏನೂ ಇಲ್ಲ. ಮೂರು ಸೆಲ್ಲಿನಲ್ಲಿ ಒಂದು ತಿರುಗಿದ್ದರೆ 4.5ರ ಬದಲು 1.5 ಮಾತ್ರ ಸಿಗುತ್ತದೆ, ಬಲ್ಬ್ ಮಂಕಾಗಿ ಉರಿಯುತ್ತದೆ. ಇದು ಕಣ್ಣಿಗೆ ಬೀಳುವುದು ಕಷ್ಟ.

ಎರಡನೆಯದು ಸ್ವಿಚ್ಚಿನ ಈ ಕಡೆಯ ತಿರುಪು. 3.1 ಇದ್ದರೆ ಮೊದಲ ವೈರ್ ಚೆನ್ನಾಗಿದೆ. ಮೂರನೆಯದು ಸ್ವಿಚ್ಚಿನ ಆ ಕಡೆಯ ತಿರುಪು. ಇಲ್ಲಿ ಸೊನ್ನೆ ಬಂದರೆ ಸಿಕ್ಕಿಬಿಟ್ಟಿತು. ಈಗ ಎರಡೂ ಕಡ್ಡಿಯನ್ನು ಸ್ವಿಚ್ಚಿನ ಎರಡು ತಿರುಪಿಗೆ ಹಿಡಿಯಿರಿ. ಪೂರ್ತಿ 3.1 ಅಲ್ಲೇ ಕೂತಿರುತ್ತದೆ. ಒಳ್ಳೆಯ ಸ್ವಿಚ್ ಹಾಕಿದಾಗ ಅದರ ಎರಡು ತುದಿಯ ನಡುವೆ ವೋಲ್ಟ್ ಇರಲೇಬಾರದು.

ಸ್ವಿಚ್ ದಾಟಿ ಬಲ್ಬಿನ ಮೊದಲ ತುದಿಗೆ 3.1 ಬಂತು ಅಂದುಕೊಳ್ಳಿ. ಬಲ್ಬಿನ ಎರಡನೇ ತುದಿಯಲ್ಲಿ ಏನಿದೆ? ಸೊನ್ನೆ ಇದ್ದರೆ 3.1 ಪೂರ್ತಿ ಬಲ್ಬಿನ ಮೇಲೆ ಬಿದ್ದಿದೆ, ಆದರೂ ಉರಿಯುತ್ತಿಲ್ಲ. ಹಾಗಾದರೆ ಬಲ್ಬಿನ ತಂತಿ ಕಡಿದಿದೆ ಅಥವಾ ಹೋಲ್ಡರಿನೊಳಗೆ ಬಲ್ಬಿನ ತಳ ತಗುಲುತ್ತಿಲ್ಲ. ಹೋಲ್ಡರಿನ ನಡುವಿನ ಪುಟ್ಟ ತಗಡನ್ನು ಸ್ವಲ್ಪ ಮೇಲೆತ್ತಿ, ಬಲ್ಬನ್ನು ಬಿಗಿಯಾಗಿ ತಿರುಗಿಸಿ ನೋಡಿ. ಆದರೂ ಆಗದಿದ್ದರೆ ಆಗ ಮಾತ್ರ "ಬಲ್ಬ್ ಸುಟ್ಟೋಗಿದೆ" ಅನ್ನಿ.

ಈಗ ಮಕ್ಕಳು ಹೆಚ್ಚು ಗೊಂದಲಪಡುವ ಜಾಗ. ಬಲ್ಬಿನ ಎರಡೂ ತುದಿಯಲ್ಲಿ 3.1 ತೋರಿಸುತ್ತದೆ! ಒಂದು ಸಲ ಒಬ್ಬ ಹುಡುಗಿ ಇದನ್ನು ನೋಡಿ, "ಎರಡೂ ಕಡೆ ಕರೆಂಟ್ ಬಂದಿದೆ ಸಾರ್, ಆದ್ರೂ ಉರೀತಿಲ್ಲ" ಅಂದಳು. "ಎರಡೂ ಕಡ್ಡಿ ಬಲ್ಬಿಗೇ ಹಿಡಿ ನೋಡಮ್ಮಾ" ಅಂದೆ. ಮೀಟರ್ ಸೊನ್ನೆ ತೋರಿಸಿತು. ಅವಳು ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ನಿಂತಳು. ಆಮೇಲೆ ತಾನೇ ವಾಪಸ್ ಬರುವ ವೈರನ್ನು ಎಳೆದು ನೋಡಿದಳು. ಮೊಸಳೆ ಕ್ಲಿಪ್ಪಿನ ಹತ್ತಿರ ಪ್ಲಾಸ್ಟಿಕ್ ಕವಚ ರಬ್ಬರಿನ ಹಾಗೆ ಹಿಗ್ಗಿತು. ಒಳಗೆ ತಾಮ್ರವೇ ಇರಲಿಲ್ಲ, ತುಂಡಾಗಿತ್ತು.

ಯಾಕೆ ಹೀಗೆ? ಬಲ್ಬಿನ ಆಚೆ ದಾರಿ ಕಡಿದಿದ್ದರೆ ಕರೆಂಟ್ ಹರಿಯುವುದಿಲ್ಲ. ಕರೆಂಟ್ ಸೊನ್ನೆಯಾದರೆ ಬಲ್ಬಿನಲ್ಲಿ ಇಳಿಯುವ ವೋಲ್ಟೂ ಸೊನ್ನೆ. ವೋಲ್ಟ್ = ಕರೆಂಟ್ × ರೋಧ ಅಲ್ವಾ? ಹಾಗಾಗಿ ಬಲ್ಬಿನ ಆ ತುದಿ ಈ ತುದಿ ಎರಡೂ ಒಂದೇ ಎತ್ತರದಲ್ಲಿ ಇರುತ್ತವೆ, ಕಡಿದ ಜಾಗದ ತನಕ. ಇಳಿಜಾರೇ ಇಲ್ಲದ ಕಾಲುವೆಯಲ್ಲಿ ನೀರು ನಿಂತ ಹಾಗೆ. ವೋಲ್ಟ್ ಅನ್ನುವುದು ಒಂದು ಬಿಂದುವಿನಲ್ಲಿ ಇರುವ ವಸ್ತುವಲ್ಲ, ಎರಡು ಬಿಂದುಗಳ ನಡುವಿನ ವ್ಯತ್ಯಾಸ. ಅದಕ್ಕೇ ನಮ್ಮ ಪಠ್ಯದಲ್ಲಿ 'ವಿಭವಾಂತರ' ಅಂತ ಇರುವುದು. ಆ ಪದದಲ್ಲಿರುವ 'ಅಂತರ'ವನ್ನು ಯಾರೂ ಗಮನಿಸುವುದಿಲ್ಲ. ಆ ಹುಡುಗಿಗೆ ಅವತ್ತು ಅದು ಅರ್ಥವಾಯಿತು.

ಉರಿಯುತ್ತಿದೆ, ಆದರೆ ಮಂಕಾಗಿ

ನನ್ನ ಪ್ರಕಾರ ಇದೇ ನಿಜವಾದ ಪರೀಕ್ಷೆ. ಪೂರ್ತಿ ಕಡಿದ ಸರ್ಕ್ಯೂಟಿಗಿಂತ ಅರ್ಧ ಕೆಟ್ಟ ಸರ್ಕ್ಯೂಟ್ ಹೆಚ್ಚು ಕಾಡುತ್ತದೆ.

ಮೊದಲು ಬ್ಯಾಟರಿಯನ್ನೇ ನೋಡಿ, ಆದರೆ ಸ್ವಿಚ್ ಹಾಕಿರುವಾಗಲೇ ನೋಡಿ. ಸ್ವಿಚ್ ತೆಗೆದು ಅಳೆದರೆ ಹಳೇ ಸೆಲ್ಲೂ 1.4 ಅಂತ ತೋರಿಸಿ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಒಂದು ಉದಾಹರಣೆ. ಎರಡು ಸೆಲ್ ಸೇರಿ ಸ್ವಿಚ್ ತೆಗೆದಾಗ 2.8, ಹಾಕಿದಾಗ 1.6. ಈಗ ಒಂದೊಂದೇ ಸೆಲ್ಲಿನ ಮೇಲೆ ಕಡ್ಡಿ ಇಡಿ. ಒಂದರಲ್ಲಿ 1.3, ಇನ್ನೊಂದರಲ್ಲಿ 0.3. ಕಳ್ಳ ಸಿಕ್ಕಿದ. ಎರಡನ್ನೂ ಎಸೆದು ಹೊಸದು ತರುವ ಮುಂಚೆ ಯಾವುದು ಕೆಟ್ಟದ್ದು ಅಂತ ತಿಳಿಯಿತು. ಆದರೆ ಹಳೇ ಸೆಲ್ಲಿನ ಜೊತೆ ಒಂದು ಹೊಸದನ್ನು ಜೋಡಿಸುವ ಅಭ್ಯಾಸ ಒಳ್ಳೆಯದಲ್ಲ. ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದು ಜೋಡಿಸಿದಾಗ, ದುರ್ಬಲ ಸೆಲ್ ಪೂರ್ತಿ ಖಾಲಿಯಾದ ಮೇಲೂ ಉಳಿದವು ಅದರ ಮೂಲಕ ಕರೆಂಟ್ ತಳ್ಳುತ್ತವೆ. ಆಗ ಅದರ ವೋಲ್ಟ್ ಮೈನಸ್‌ಗೂ ಇಳಿಯುತ್ತದೆ, ಸೋರಲು ಶುರುವಾಗುತ್ತದೆ.

ಸೆಲ್ ಯಾಕೆ ಹೀಗೆ ಕುಸಿಯುತ್ತದೆ? ಸೆಲ್ಲಿನ ಒಳಗೇ ಒಂದು ರೋಧ ಇದೆ. ಹೊಸದರಲ್ಲಿ ಕಡಿಮೆ, ಹಳೆಯದಾದಂತೆ ಜಾಸ್ತಿ. ಸ್ವಿಚ್ ತೆಗೆದಾಗ 1.4 ಇದ್ದ ಸೆಲ್, 0.2 ಆಂಪಿಯರ್ ಎಳೆದಾಗ 0.8ಕ್ಕೆ ಬಂದರೆ ಒಳಗೆ ಕಳೆದುಹೋದದ್ದು 0.6 ವೋಲ್ಟ್. 0.6ನ್ನು 0.2ರಿಂದ ಭಾಗಿಸಿದರೆ 3 ಓಮ್. ಮನೆಯಲ್ಲಿ ಟಾರ್ಚಿಗೆ ಆಗದ ಸೆಲ್ಲನ್ನು ಗೋಡೆ ಗಡಿಯಾರಕ್ಕೆ ಹಾಕುತ್ತಾರೆ, ಅದು ಇನ್ನೂ ತಿಂಗಳುಗಟ್ಟಲೆ ಓಡುತ್ತದೆ. ಗಡಿಯಾರ ಎಳೆಯುವ ಕರೆಂಟ್ ತೀರಾ ಕಡಿಮೆ, ಹಾಗಾಗಿ ಒಳಗಿನ 3 ಓಮ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಸೆಲ್ಲನ್ನು ಬಿಸಿಲಿಗಿಟ್ಟು ಮತ್ತೆ ಹಾಕುವ ಅಜ್ಜಂದಿರೂ ಸುಮ್ನೆ ಹಾಗೆ ಮಾಡುತ್ತಿರಲಿಲ್ಲ. ಸ್ವಲ್ಪ ಬೆಚ್ಚಗಾದರೆ ಒಳಗಿನ ರೋಧ ಕಡಿಮೆಯಾಗುತ್ತದೆ, ಒಂದಿಷ್ಟು ಹೊತ್ತು ಟಾರ್ಚ್ ಹೊತ್ತುತ್ತದೆ. ಒಲೆಯ ಹತ್ತಿರ ಮಾತ್ರ ಇಡಬಾರದು, ಸಿಡಿಯಬಹುದು.

ಬ್ಯಾಟರಿ ಗಟ್ಟಿಯಾಗಿದೆ, ಆದರೂ ಮಂಕು ಅಂದರೆ ವೋಲ್ಟ್ ದಾರಿಯಲ್ಲಿ ಸೋರುತ್ತಿದೆ. ಸ್ವಿಚ್ ಹಾಕಿಯೇ ಅಳೆಯಿರಿ. ಬ್ಯಾಟರಿಯಲ್ಲಿ 2.8 ಇದೆ, ಬಲ್ಬಿನ ಮೇಲೆ 1.7 ಮಾತ್ರ. ಕಾಣೆಯಾದದ್ದು 1.1 ವೋಲ್ಟ್. ಸ್ವಿಚ್ಚಿನ ಅಡ್ಡಕ್ಕೆ ಹಿಡಿದರೆ 0.1. ವೈರುಗಳ ಅಡ್ಡಕ್ಕೆ ಸೊನ್ನೆ. ಹೋಲ್ಡರಿನ ತಿರುಪು ಮತ್ತು ಬಲ್ಬಿನ ತಳದ ನಡುವೆ 1.0. ಲೆಕ್ಕ ಸರಿಹೋಯಿತು. ಅಲ್ಲಿ ಹರಿಯುತ್ತಿರುವುದು ಸುಮಾರು 0.24 ಆಂಪಿಯರ್. ಅಂದರೆ ತುಕ್ಕು ಹಿಡಿದ ಆ ಪುಟ್ಟ ತಗಡು ಸುಮಾರು 4 ಓಮಿನ ರೋಧಕವಾಗಿ ಕೂತಿದೆ. ಬಲ್ಬ್ ಬಿಸಿಯಾಗಿ ಪೂರ್ತಿ ಉರಿಯುವಾಗ ಅದರ ರೋಧವೇ 8.3 ಓಮ್, ಅದರ ಮುಂದೆ 4 ಓಮ್ ಚಿಕ್ಕದಲ್ಲ. ಉಪ್ಪುಕಾಗದದ ಚೂರಿನಿಂದ ತಿಕ್ಕಿ, ತಾಮ್ರದ ಬಣ್ಣ ಕಾಣುವ ತನಕ.

ಇಲ್ಲೇ ಇನ್ನೊಂದು ಮಾತು. ಉರಿಯದ ಬಲ್ಬನ್ನು ಬಿಚ್ಚಿ ಓಮ್ ಮೀಟರಿನಲ್ಲಿ ಅಳೆದರೆ 1 ಓಮ್ ಆಸುಪಾಸು ತೋರಿಸುತ್ತದೆ. 8.3 ಬರಬೇಕಿತ್ತು, ಬಲ್ಬ್ ಒಳಗೆ ಶಾರ್ಟ್ ಆಗಿದೆ ಅಂತ ತೀರ್ಮಾನಿಸಬೇಡಿ. ಟಂಗ್‌ಸ್ಟನ್ ತಂತಿ ತಣ್ಣಗಿದ್ದಾಗ ಅದರ ರೋಧ ಅಷ್ಟೇ. ಕಾದು ಬೆಳ್ಳಗಾದಾಗ ಅದು ಎಂಟು ಹತ್ತು ಪಟ್ಟು ಏರುತ್ತದೆ.

ಸೆಲ್ ಬಿಸಿಯಾಗುತ್ತಿದೆ

ತಕ್ಷಣ ಸ್ವಿಚ್ ತೆಗೆಯಿರಿ. ಶಾರ್ಟ್ ಆಗಿದೆ. ಇದು ಶಾರ್ಟೋ ಸತ್ತ ಸೆಲ್ಲೋ ಅಂತ ತಿಳಿಯಲು ಸುಲಭದ ದಾರಿ ಇದೆ. ಬಲ್ಬನ್ನು ಬಿಚ್ಚಿ ಹೊರಗಿಡಿ. ಈಗ ಕರೆಂಟಿಗೆ ದಾರಿಯೇ ಇರಬಾರದು. ಒಂದು ಕ್ಷಣ ಸ್ವಿಚ್ ಹಾಕಿ ಬ್ಯಾಟರಿಯ ವೋಲ್ಟ್ ನೋಡಿ. ಆಗಲೂ ಕುಸಿದರೆ ಕರೆಂಟ್ ಕಳ್ಳದಾರಿಯಲ್ಲಿ ಹರಿಯುತ್ತಿದೆ. ಹೋಲ್ಡರಿನ ಎರಡು ತಿರುಪಿನ ಹತ್ತಿರ ನೋಡಿ. ವೈರಿನಿಂದ ಹೊರಗೆ ಬಂದ ಒಂದೇ ಒಂದು ಕೂದಲೆಳೆ ತಾಮ್ರ ಎರಡನ್ನೂ ಮುಟ್ಟಿರುತ್ತದೆ. ವೈರಿನ ತುದಿಯನ್ನು ಹುರಿ ಮಾಡಿ ತಿರುಪಿಗೆ ಸುತ್ತಿದ್ದರೆ ಇದು ಆಗುತ್ತಿರಲಿಲ್ಲ.

ಬ್ರೆಡ್‌ಬೋರ್ಡ್ ಬಳಸುವವರಿಗೆ: ಒಂದೇ ಸಾಲಿನ ಐದು ತೂತುಗಳು ಒಳಗೆ ಒಂದೇ ತಗಡು. ರೋಧಕದ ಎರಡು ಕಾಲನ್ನೂ ಆ ಐದರೊಳಗೇ ಚುಚ್ಚಿದರೆ ರೋಧಕ ಇದ್ದೂ ಇಲ್ಲದ ಹಾಗೆ. ಕರೆಂಟೆಲ್ಲ ತಗಡಿನಲ್ಲೇ ಹೋಗುತ್ತದೆ, ಎಲ್‌ಇಡಿ ಸುಟ್ಟುಹೋಗುತ್ತದೆ. ಅಂಚಿನ ಉದ್ದ ಪಟ್ಟಿಗಳು ಕೆಲವು ಬೋರ್ಡುಗಳಲ್ಲಿ ನಡುವೆ ಕಡಿದಿರುತ್ತವೆ, ಅದನ್ನೂ ಮೀಟರಿನಲ್ಲಿ ನೋಡಿಕೊಳ್ಳಿ.

ಮೀಟರೇ ದೋಷವಾದಾಗ

ಓಮ್ ನಿಯಮದ (ವೋಲ್ಟ್ = ಕರೆಂಟ್ × ರೋಧ) ಪ್ರಯೋಗದಲ್ಲಿ ಕರೆಂಟ್ ಅಳೆಯುವ ಅಮ್ಮೀಟರ್ ಸೊನ್ನೆಯಲ್ಲೇ ಇದೆ, ವೋಲ್ಟ್ ಮೀಟರ್ ಪೂರ್ತಿ ಬ್ಯಾಟರಿಯ ವೋಲ್ಟ್ ತೋರಿಸುತ್ತಿದೆ. ಇದಕ್ಕೆ ಎರಡು ಕಾರಣ ಇರಬಹುದು. ವೋಲ್ಟ್ ಮೀಟರನ್ನು ಸರಣಿಯಲ್ಲಿ ಸೇರಿಸಿರಬಹುದು. ಕಡಿಮೆ ಬೆಲೆಯ ಡಿಜಿಟಲ್ ಮೀಟರಿನ ಒಳರೋಧವೇ 10 ಲಕ್ಷ ಓಮ್. 3 ವೋಲ್ಟಿನಲ್ಲಿ ಅದರ ಮೂಲಕ ಹರಿಯುವುದು 3 ಮೈಕ್ರೋ ಆಂಪಿಯರ್, ಅದರಿಂದ ಯಾವ ಬಲ್ಬೂ ಉರಿಯದು. ಇಲ್ಲವೇ ರೋಧಕವೇ ಕಡಿದಿರಬಹುದು. ವೋಲ್ಟ್ ಮೀಟರನ್ನು ಬಿಚ್ಚಿ ಹೊರಗೆ ತೆಗೆಯಿರಿ. ಅದು ಸರಿಯಾಗಿ ಸಮಾಂತರದಲ್ಲಿದ್ದರೆ, ಅಂದರೆ ರೋಧಕದ ಎರಡು ತುದಿಗೆ ಅಡ್ಡಲಾಗಿ ಇದ್ದರೆ, ತೆಗೆದರೂ ಸರ್ಕ್ಯೂಟ್ ಪೂರ್ತಿಯಾಗಿಯೇ ಉಳಿಯುತ್ತದೆ. ತೆಗೆದ ಕೂಡಲೇ ಸರ್ಕ್ಯೂಟಿನಲ್ಲಿ ಖಾಲಿ ಜಾಗ ಬಿದ್ದರೆ ಅದು ಸರಣಿಯಲ್ಲಿತ್ತು.

ಇನ್ನು ಅಮ್ಮೀಟರನ್ನು ಸೆಲ್ಲಿಗೆ ನೇರ ಸಮಾಂತರವಾಗಿ ಹಿಡಿಯುವ ತಪ್ಪು. ಅಮ್ಮೀಟರಿನ ರೋಧ ತೀರಾ ಕಡಿಮೆ, ಅದು ವೈರಿನ ತುಂಡಿನ ಹಾಗೆ. ಮುಳ್ಳು ರಪ್ಪನೆ ಕೊನೆಗೆ ಹೊಡೆಯುತ್ತದೆ. ಮಲ್ಟಿಮೀಟರ್ ಆದರೆ ಒಳಗಿನ ಫ್ಯೂಸ್ ಹೋಗುತ್ತದೆ. ಕೆಟ್ಟ ಸಂಗತಿ ಏನೆಂದರೆ ಫ್ಯೂಸ್ ಹೋದದ್ದು ಹೊರಗೆ ಗೊತ್ತಾಗುವುದಿಲ್ಲ. ವೋಲ್ಟ್ ಸರಿಯಾಗಿ ತೋರಿಸುತ್ತದೆ, ಮಿಲಿ ಆಂಪಿಯರಿನಲ್ಲಿ ಮಾತ್ರ ಸೊನ್ನೆ. ಮುಂದಿನ ಬ್ಯಾಚಿನ ಮಕ್ಕಳು ಅದೇ ಮೀಟರನ್ನು ಸರಣಿಯಲ್ಲಿ ಸೇರಿಸಿ, ಬಲ್ಬ್ ಉರಿಯದೆ ತಲೆ ಕೆಡಿಸಿಕೊಳ್ಳುತ್ತಾರೆ. ಕಡಿದ ಜಾಗ ಮೀಟರಿನ ಒಳಗೇ ಇದೆ! ಅನುಮಾನ ಬಂದರೆ ಮೀಟರ್ ತೆಗೆದು ಆ ಜಾಗಕ್ಕೆ ವೈರ್ ಸೇರಿಸಿ. ಬಲ್ಬ್ ಉರಿದರೆ ಫ್ಯೂಸ್ ನೋಡಿ. ಬದಲಿಸುವಾಗ ಅದೇ ಆಂಪಿಯರಿನದ್ದು ಹಾಕಿ, ಬೆಳ್ಳಿ ಕಾಗದ ಸುತ್ತಬೇಡಿ.

ಮುಳ್ಳಿನ ಮೀಟರಿನಲ್ಲಿ ಮುಳ್ಳು ಎಡಕ್ಕೆ ಹೊಡೆದರೆ ವೈರುಗಳನ್ನು ಅದಲುಬದಲು ಮಾಡಿ, ಅಷ್ಟೇ. ಡಿಜಿಟಲ್‌ನಲ್ಲಿ ಮೈನಸ್ ಗುರುತು ಬರುತ್ತದೆ.

ಉತ್ತರ ಬಂತು, ಆದರೆ ತಪ್ಪಾಗಿ ಬಂತು

10 ಓಮ್ ಎಂದು ಗುರುತಿರುವ ರೋಧಕ. ಒಂದೇ ಮಲ್ಟಿಮೀಟರ್ ಇದೆ. ಮೊದಲು ವೋಲ್ಟ್ ಅಳೆದಿರಿ, 2.8. ಆಮೇಲೆ ಮೀಟರನ್ನು ಬಿಚ್ಚಿ ಸರಣಿಗೆ ಸೇರಿಸಿ ಕರೆಂಟ್ ಅಳೆದಿರಿ, 0.26. ಭಾಗಿಸಿದರೆ 10.8 ಓಮ್. ರೋಧಕ ಕೆಟ್ಟಿಲ್ಲ. ಮೀಟರ್ ಸರಣಿಗೆ ಬಂದಾಗ ಅದರ ಫ್ಯೂಸ್, ಕಡ್ಡಿಯ ವೈರ್ ಎಲ್ಲ ಸೇರಿ ಹತ್ತಿರ ಹತ್ತಿರ 1 ಓಮನ್ನು ಸರ್ಕ್ಯೂಟಿಗೆ ಸೇರಿಸಿತು. ಎರಡು ಅಳತೆಗಳೂ ಬೇರೆ ಬೇರೆ ಸರ್ಕ್ಯೂಟಿನದ್ದು. ಪಕ್ಕದ ಬೆಂಚಿನಿಂದ ಇನ್ನೊಂದು ಮೀಟರ್ ತಂದು ಎರಡನ್ನೂ ಒಟ್ಟಿಗೇ ಓದಿ.

ಒಟ್ಟಿಗೇ ಓದಿದರೆ ಇನ್ನೊಂದು ಲಾಭ. ಪ್ರಯೋಗದ ನಡುವೆ ಸೆಲ್ ಕುಸಿದರೂ ವೋಲ್ಟ್, ಕರೆಂಟ್ ಎರಡೂ ಜೊತೆಗೇ ಕಡಿಮೆಯಾಗುತ್ತವೆ, ಭಾಗಲಬ್ಧ ಹಾಗೇ ಉಳಿಯುತ್ತದೆ. ಸೆಲ್ ಕುಸಿಯುವ ಈ ಕಾಟ ಜಾರ್ಜ್ ಓಮ್ ಅವರನ್ನೂ ಬಿಡಲಿಲ್ಲ. ಅವರು ಜರ್ಮನಿಯ ಕಲೋನ್ ಊರಿನ ಶಾಲೆಯಲ್ಲಿ ಮೇಷ್ಟ್ರು. ಆಗಿನ ಸೆಲ್ಲುಗಳು ಒಂದೇ ಸಮನೆ ಕರೆಂಟ್ ಕೊಡುತ್ತಿರಲಿಲ್ಲ. 1825ರಲ್ಲಿ ಅವರು ಪ್ರಕಟಿಸಿದ ಮೊದಲ ಸೂತ್ರ ಸರಿಯಿರಲಿಲ್ಲ. ಆಮೇಲೆ ಭೌತವಿಜ್ಞಾನಿ ಪೊಗೆನ್‌ಡಾರ್ಫ್ ಅವರ ಸಲಹೆಯಂತೆ ಸೆಲ್ಲನ್ನೇ ಬಿಟ್ಟು ತಾಮ್ರ ಮತ್ತು ಬಿಸ್ಮತ್ ಲೋಹಗಳ ಥರ್ಮೋಕಪಲ್ (ಎರಡು ತುದಿಯ ಬಿಸಿ ಬೇರೆ ಬೇರೆ ಇದ್ದರೆ ವೋಲ್ಟ್ ಹುಟ್ಟಿಸುವ ಲೋಹದ ಜೋಡಿ) ತಗೊಂಡರು. ಒಂದು ತುದಿ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ವೋಲ್ಟ್ ತೀರಾ ಚಿಕ್ಕದು, ಆದರೆ ಅಲುಗಾಡದು. 1826ರಲ್ಲಿ ಅಳತೆಗಳು ಸರಿಬಂದವು, 1827ರಲ್ಲಿ ಪುಸ್ತಕವಾಯಿತು. ಆ ನಿಯಮ ಹೊರಗೆ ಬಂದದ್ದೇ ಒಂದು ದೋಷವನ್ನು ಹುಡುಕಿ ಸರಿಮಾಡಿದ್ದರಿಂದ. ಇದನ್ನು ಪಾಠದಲ್ಲಿ ಹೇಳದೇ ಇರುವುದಕ್ಕೆ ನನಗೆ ಬೇಜಾರಿದೆ.

ವೋಲ್ಟ್ ಮತ್ತು ಕರೆಂಟಿನ ಗ್ರಾಫ್ ನೇರ ಗೆರೆಯಾಗಿದೆ, ಆದರೆ ಮೂಲಬಿಂದುವಿನ ಮೂಲಕ ಹೋಗುತ್ತಿಲ್ಲ ಅಂದರೆ ಮುಳ್ಳು ಮೊದಲೇ ಸೊನ್ನೆಯಲ್ಲಿ ಇರಲಿಲ್ಲ. ಗೆರೆ ಬಾಗಿದ್ದರೆ ತಂತಿ ಕಾದಿದೆ. ಓದಿದ ಕೂಡಲೇ ಸ್ವಿಚ್ ತೆಗೆಯಿರಿ. ನಿಕ್ರೋಮ್ ತಂತಿಯ ರೋಧ ಬಿಸಿಗೆ ಅಷ್ಟಾಗಿ ಬದಲಾಗುವುದಿಲ್ಲ, ತಾಮ್ರದ್ದು ಪ್ರತಿ ಡಿಗ್ರಿಗೆ ಸುಮಾರು ಶೇಕಡ 0.4 ಏರುತ್ತದೆ. ರೋಧಕದ ಬದಲು ಬಲ್ಬ್ ಹಾಕಿದ್ದರಂತೂ ಗೆರೆ ಬಾಗಲೇಬೇಕು, ಅದು ನಿಮ್ಮ ತಪ್ಪಲ್ಲ. ಉತ್ತರ ಹತ್ತು ಪಟ್ಟು ಹೆಚ್ಚು ಬಂದರೆ ರೋಧಕದ ಮೇಲೆ ಅದರ ಓಮ್ ಹೇಳುವ ಬಣ್ಣದ ಪಟ್ಟಿಗಳನ್ನು ಬಾಗಿಲ ಬೆಳಕಿನಲ್ಲಿ ಮತ್ತೆ ನೋಡಿ. ಕಂದು-ಕಪ್ಪು-ಕಂದು 100 ಓಮ್, ಕಂದು-ಕಪ್ಪು-ಕೆಂಪು 1000 ಓಮ್. ಟ್ಯೂಬ್‌ಲೈಟಿನಲ್ಲಿ ಕಂದು ಯಾವುದು, ಕೆಂಪು ಯಾವುದು ಅಂತ ಗೊತ್ತಾಗುವುದಿಲ್ಲ.

ಎರಡು ಬಲ್ಬಿನ ಸಂಗತಿ

ಸರಣಿಯಲ್ಲಿ ಎರಡು ಬಲ್ಬ್, ಒಂದು ಹೊಳೆಯುತ್ತಿದೆ, ಇನ್ನೊಂದು ಇಲ್ಲ. "ಮೊದಲನೇ ಬಲ್ಬ್ ಕರೆಂಟೆಲ್ಲ ತಿಂದುಬಿಟ್ಟಿದೆ" ಅನ್ನುತ್ತಾರೆ. ಅಮ್ಮೀಟರನ್ನು ಮೊದಲ ಬಲ್ಬಿಗೆ ಮುಂಚೆ ಒಮ್ಮೆ, ಎರಡರ ನಡುವೆ ಒಮ್ಮೆ, ಕೊನೆಗೆ ಒಮ್ಮೆ ಸೇರಿಸಿ. ಮೂರೂ ಕಡೆ ಅದೇ ಅಂಕಿ ಬರುತ್ತದೆ. ಹಂಚಿಹೋಗುವುದು ವೋಲ್ಟ್, ಕರೆಂಟ್ ಅಲ್ಲ. ಉರಿಯದ ಬಲ್ಬಿನ ಮೇಲೆ ಬರೆದದ್ದನ್ನು ಓದಿ. 0.06 ಆಂಪಿಯರಿನ ಬಲ್ಬಿನ ಜೊತೆ 0.3 ಆಂಪಿಯರಿನ ಬಲ್ಬ್ ಸೇರಿಸಿದರೆ, ದೊಡ್ಡ ಕರೆಂಟ್ ಬೇಕಾದ್ದಕ್ಕೆ ಸಿಗುವುದು ಆ 0.06 ಮಾತ್ರ. ಅದು ಬಿಸಿಯೇ ಆಗುವುದಿಲ್ಲ. ಉರಿಯದ ಬಲ್ಬನ್ನು ಬಿಚ್ಚಿದಾಗ ಉರಿಯುತ್ತಿದ್ದದ್ದೂ ಆರಿದರೆ, ಕರೆಂಟ್ ಅದರ ಮೂಲಕವೇ ಹರಿಯುತ್ತಿತ್ತು, ಅದರ ತಂತಿ ಕಡಿದಿಲ್ಲ ಎಂದೇ ಅರ್ಥ.

ಮೋಟಾರ್ ಮಾಡುವವರಿಗೆ ಒಂದು ಎಚ್ಚರಿಕೆ. ವೈಂಡಿಂಗ್ ವೈರ್ ಕೆಂಪಗೆ ಬರಿ ತಾಮ್ರದ ಹಾಗೆ ಕಂಡರೂ ಅದರ ಮೇಲೆ ವಾರ್ನಿಷ್ ಲೇಪ ಇರುತ್ತದೆ. ತುದಿಯನ್ನು ಬ್ಲೇಡಿನಿಂದ ಕೆರೆಯದೆ ಎಷ್ಟು ಬಿಗಿಯಾಗಿ ಸುತ್ತಿದರೂ ಕರೆಂಟ್ ದಾಟುವುದಿಲ್ಲ. ವಿಜ್ಞಾನ ಮೇಳದ ಹಿಂದಿನ ದಿನ ಬರುವ ಸುರುಳಿಗಳಲ್ಲಿ ನಾನು ಮೊದಲು ನೋಡುವುದೇ ಆ ತುದಿಗಳನ್ನು.

ಕೆಲಸ ಮುಗಿದ ಮೇಲೆ ಸೆಲ್ಲುಗಳನ್ನು ಹೋಲ್ಡರಿನಿಂದ ತೆಗೆದು ಬೇರೆ ಡಬ್ಬಿಯಲ್ಲಿ ಇಡಿ. ದಸರಾ ರಜೆಗೆ ಹಾಗೇ ಬಿಟ್ಟು ಹೋದರೆ ಬರುವಷ್ಟರಲ್ಲಿ ಸೆಲ್ ಸೋರಿ, ಸ್ಪ್ರಿಂಗಿನ ಮೇಲೆ ಬಿಳಿ ಪುಡಿ, ಹಸಿರು ಕಿಲುಬು ಕಟ್ಟಿರುತ್ತದೆ. ಬಲ್ಬಿಗೆ ಹೋಗಬೇಕಾದ ಒಂದು ವೋಲ್ಟ್ ಆಮೇಲೆ ಅಲ್ಲೇ ಕೂರುತ್ತದೆ.